ಕ್ರೋಶಾಕ್ಕೆ ಒಗ್ಗದ ನಮ್ಮ ಹತ್ತಿ

ಯಲವಿಗಿಯ ಸುತ್ತಿನ ಎರೆ ಹೊಲಗಳಲ್ಲಿ ಒಂದು ಕಾಲಕ್ಕೆ ಹತ್ತಿ ಬೆಳೆಯದ ರೈತನೇ ಕಡಿಮೆ. ಆದರೆ ಅದೇ ಊರಿನ ಮನೆಗಳ ಬಾಗಿಲಿಗೆ ಕಟ್ಟಿದ ಕ್ರೋಶಾ ತೋರಣದ ದಾರ ಮಾತ್ರ ಹುಬ್ಬಳ್ಳಿಯ ಅಂಗಡಿಯಿಂದ, ಅಂಗೈಯಲ್ಲಿ ಹಿಡಿಸುವ ಸಣ್ಣ ಉಂಡೆಗಳಾಗಿ, ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿತ್ತು. ಹತ್ತಿಯ ಅಂಡಿಗೆಗಳು ಯಾವ ನಿಲ್ದಾಣದಿಂದ ಹೊರಗೆ ಹೋಗುತ್ತಿದ್ದವೋ ಅದೇ ನಿಲ್ದಾಣದಲ್ಲಿ ಹತ್ತಿಯ ದಾರ ಇಳಿಯುತ್ತಿತ್ತು. ನಮ್ಮ ಮನೆಯ ಹೆಂಗಸರಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಕ್ರೋಶಾ ದಾರ ಅಂಗಡಿಯದು, ಹೊಲದ ಹತ್ತಿ ಪೇಟೆಯದು, ಅಷ್ಟೇ. ನಡುವೆ ಏನಾಗುತ್ತದೆ ಎಂದು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ನೂರೆಂಬತ್ತು ವರ್ಷಗಳಷ್ಟು ಹಳೆಯ ಒಂದು ಜಗಳ. ಒಳ್ಳೆಯ ನೂಲು ಯಾವುದು ಎಂದು ಹೇಳುವವರು ಯಾರು ಎಂಬ ಜಗಳ ಅದು.

ಮೊದಲು ಕ್ರೋಶಾ ತನ್ನ ದಾರದಿಂದ ಏನು ಬಯಸುತ್ತದೆ ಎಂಬುದನ್ನು ನೋಡಬೇಕು. ಮಗ್ಗದ ಮೇಲೆ ನೂಲು ಒಬ್ಬಂಟಿಯಲ್ಲ. ಹಾಸು ಗಂಜಿ ಕುಡಿದು ಬಿಗಿಯಾಗಿ ನಿಂತಿರುತ್ತದೆ, ಹೊಕ್ಕು ಅದರ ನಡುವೆ ನೇರವಾಗಿ ಹಾದುಹೋಗುತ್ತದೆ. ಒಂದು ಎಳೆ ಅಲ್ಲಲ್ಲಿ ತೆಳ್ಳಗಾದರೂ ಅಕ್ಕಪಕ್ಕದ ಎಳೆಗಳು ಆ ಹೊರೆ ಹೊರುತ್ತವೆ. ಕ್ರೋಶಾದಲ್ಲಿ ಹಾಗಿಲ್ಲ. ಇಡೀ ಕೆಲಸ ಒಂದೇ ದಾರದ್ದು. ಆ ದಾರ ಕುಣಿಕೆಯಾಗಬೇಕು, ಆ ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆ ಬರಬೇಕು, ಪ್ರತಿ ತಿರುವಿನಲ್ಲೂ ಲೋಹದ ಕೊಕ್ಕೆ ಅದನ್ನು ಎಳೆಯಬೇಕು. ಒಂದು ಕಂಬ ಹೆಣೆಯುವಷ್ಟರಲ್ಲಿ ದಾರದ ಅದೇ ಬೆರಳುದ್ದ ಕೊಕ್ಕೆಗೆ ಹಲವು ಸಲ ಉಜ್ಜಿರುತ್ತದೆ. ಲೆಕ್ಕ ತಪ್ಪಿ ಬಿಚ್ಚಿ ಮತ್ತೆ ಹೆಣೆದರೆ ಅದರ ಎರಡರಷ್ಟು. ಜೊತೆಗೆ ಇದು ಜಾಲರಿಯ ಕೆಲಸ. ಕಣ್ಣಿಗೆ ಕಾಣುವುದು ದಾರದಷ್ಟೇ ದಾರದ ನಡುವಿನ ಖಾಲಿ ಜಾಗವೂ ಹೌದು. ದಾರಕ್ಕೆ ಜುಂಗಿದ್ದರೆ ಆ ಖಾಲಿ ಜಾಗ ಮಸುಕಾಗುತ್ತದೆ, ಹೂವು ಹೂವಾಗಿ ಕಾಣುವುದಿಲ್ಲ.

ಹಾಗಾಗಿ ಕ್ರೋಶಾ ದಾರ ಮಾಡುವವರು ಉದ್ದ ಎಳೆಯ ಹತ್ತಿಯನ್ನೇ ಆರಿಸುತ್ತಾರೆ. ಅದನ್ನು ಬಾಚಿ ಗಿಡ್ಡ ಎಳೆಗಳನ್ನು ತೆಗೆದುಹಾಕುತ್ತಾರೆ. ಸಣ್ಣಗೆ ನೂತು, ಹಲವು ಎಳೆ ಸೇರಿಸಿ ಬಿಗಿಯಾಗಿ ಹುರಿಮಾಡುತ್ತಾರೆ. ಹೊರಗೆ ಚಾಚಿದ ಜುಂಗನ್ನು ಉರಿಯ ಮೇಲೆ ಹಾಯಿಸಿ ಸುಡುತ್ತಾರೆ. ಕೊನೆಗೆ ದಾರವನ್ನು ಎಳೆದು ಹಿಡಿದು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಅದ್ದುತ್ತಾರೆ. ಅದರಲ್ಲಿ ಹತ್ತಿಯ ಚಪ್ಪಟೆ ಎಳೆ ಉಬ್ಬಿ ದುಂಡಗಾಗುತ್ತದೆ. ದುಂಡಗಾದದ್ದರ ಮೇಲೆ ಬೆಳಕು ಬಿದ್ದರೆ ರೇಷ್ಮೆಯಂಥ ಹೊಳಪು. ಅಂಗಡಿಯವರು ಇದನ್ನೇ ಮರ್ಸರೈಸ್ಡ್ ಎನ್ನುತ್ತಾರೆ. ಗಿಡ್ಡ, ಒರಟು ಹತ್ತಿಗೆ ಇಷ್ಟೆಲ್ಲ ಮಾಡಿದರೂ ಆ ಹೊಳಪು ಪೂರ್ತಿ ಏರುವುದಿಲ್ಲ. ಎಳೆಯ ತುದಿಗಳೇ ಹೆಚ್ಚಾದ್ದರಿಂದ ಜುಂಗೂ ತೀರುವುದಿಲ್ಲ.

ನಮ್ಮದು ಗಿಡ್ಡ ಎಳೆಯ ಹತ್ತಿ. ಜವಾರಿ ಹತ್ತಿ ಎಂದು ನಾವು ಕರೆಯುವುದನ್ನು ವ್ಯಾಪಾರಿಗಳು ಕುಮಟಾ ಎಂದು ಕರೆದರು. ಕುಮಟಾದಲ್ಲಿ ಅದು ಒಂದು ಗಿಡವೂ ಬೆಳೆಯುತ್ತಿರಲಿಲ್ಲ. ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ, ಬಂಡಿಗಳಲ್ಲಿ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು, ಹುಬ್ಬಳ್ಳಿ–ಹರಿಹರ ದಾರಿಯಲ್ಲಿ ಯಲವಿಗಿಗೂ ಒಂದು ನಿಲ್ದಾಣವಾಗಿ, ಸವಣೂರು, ಲಕ್ಷ್ಮೇಶ್ವರದ ಕಡೆಯ ಸರಕು ಇಲ್ಲಿಗೆ ಬಂದು ಬೀಳತೊಡಗಿತು. ಹುಬ್ಬಳ್ಳಿಯಿಂದ ಲೋಂಡಾ ಮಾರ್ಗವಾಗಿ ಮರ್ಮಗೋವಾ ಬಂದರಿಗೂ ಹಳಿ ಬಿತ್ತು. ಕುಮಟಾ ಬಂದರು ಸೊರಗಿತು. ಹತ್ತಿಯ ಹೆಸರು ಮಾತ್ರ ಕುಮಟಾ ಎಂದೇ ಉಳಿಯಿತು. ಊರಿನ ಹೆಸರಿಗಿಂತ ಬಂದರಿನ ಹೆಸರು ಗಟ್ಟಿ.

ಈ ಹತ್ತಿಯ ಎಳೆ ಇಪ್ಪತ್ತು ಇಪ್ಪತ್ತೆರಡು ಮಿಲಿಮೀಟರ್ ಉದ್ದ. ಮುಂಗಾರು ಮಳೆ ನೆಲಕ್ಕಿಳಿದ ಮೇಲೆ ಬಿತ್ತಿದರೆ ಎರೆ ಮಣ್ಣಿನ ತೇವದಲ್ಲೇ ಚಳಿಗಾಲ ಕಳೆದು, ಶಿವರಾತ್ರಿಯ ಆಚೆಈಚೆ ಬಿಡಿಸಲು ಬರುತ್ತದೆ. ನೀರು ಕೇಳದು, ರೋಗಕ್ಕೆ ಬೇಗ ಬಗ್ಗದು. ಇಪ್ಪತ್ತರ ಆಸುಪಾಸಿನ ನೂಲಿಗೆ ಹೇಳಿಮಾಡಿಸಿದ್ದು. ನೂಲಿನ ನಂಬರಿನ ಲೆಕ್ಕ ಹೀಗೆ: 840 ಗಜದ ಒಂದು ಲಡಿ, ಅಂಥ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದು ನೂಲಿನ ನಂಬರು. ನಂಬರು ಏರಿದಷ್ಟೂ ನೂಲು ಸಣ್ಣ. ಕ್ರೋಶಾ ಉಂಡೆಯ ಮೇಲೆ ಬರೆದ 10, 20, 40 ಈ ಲೆಕ್ಕದ್ದಲ್ಲ, ಆದರೆ ಅಲ್ಲಿಯೂ ಅಂಕಿ ಏರಿದಂತೆ ದಾರ ಸಣ್ಣದಾಗುತ್ತದೆ. ಇಪ್ಪತ್ತರ ನೂಲಿನಿಂದ ಧೋತರ, ಸೀರೆ, ರುಮಾಲು, ಕೌದಿಗೆ ಬೇಕಾದ ದಪ್ಪ ಅರಿವೆ ಎಲ್ಲ ಆಗುತ್ತಿತ್ತು. ಇಲ್ಲಿನವರಿಗೆ ಅದು ಒಳ್ಳೆಯ ಹತ್ತಿಯೇ ಆಗಿತ್ತು.

ಅದನ್ನು ಕೆಟ್ಟ ಹತ್ತಿ ಎಂದವರು ಲಂಕಾಶೈರಿನವರು. ಅವರ ಯಂತ್ರಗಳು ಅಮೆರಿಕದ ಉದ್ದ ಎಳೆಗೆ ಹೊಂದಿಕೊಂಡಿದ್ದವು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು, ಇಂಡಿಯಾದ ರೈತರಿಗೆ ಹತ್ತಿ ಬೆಳೆಯುವುದನ್ನು ಕಲಿಸಲು! ಸಾವಿರಾರು ವರ್ಷ ಹತ್ತಿ ನೂತ ದೇಶಕ್ಕೆ. ಹೆಚ್ಚಿನ ಕಡೆ ಆ ಪ್ರಯೋಗ ಮಣ್ಣುಪಾಲಾಯಿತು. ನೆಲ ಹಿಡಿದದ್ದು ಧಾರವಾಡ ಸೀಮೆಯಲ್ಲಿ. ಕಲೆಕ್ಟರ್ ಆಗಿದ್ದ ಶಾ ನ್ಯೂ ಆರ್ಲಿಯನ್ಸ್ ಬೀಜವನ್ನು ಇಲ್ಲಿ ಹಾಕಿಸಿದ್ದ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಸರಕಾರಿ ಹೊಲವಾಯಿತು. ಅದನ್ನು ನೋಡಿಕೊಳ್ಳಲು ಬಂದವನು ಆ ಹತ್ತು ಜನರಲ್ಲಿ ಒಬ್ಬ, ಹೆಸರು ಮರ್ಸರ್.

ಈ ಮರ್ಸರ್ ಬಗ್ಗೆ ನನಗೆ ಒಂದಿಷ್ಟು ಗೌರವವಿದೆ. ಕೆಲವು ವರ್ಷ ಕುಸುಗಲ್ಲಿನಲ್ಲಿ ಬೇಸಾಯ ಮಾಡಿಸಿದ ಮೇಲೆ ಅವನೇ ಸರಕಾರಕ್ಕೆ ಬರೆದುಕೊಟ್ಟ: ಇಂಥ ಪ್ರಯೋಗದ ಹೊಲಗಳು ಸುಮ್ಮನೆ ದುಡ್ಡಿಗೆ ದಂಡ, ಅಮೆರಿಕದ ಪದ್ಧತಿ ಈ ನೆಲಕ್ಕೆ ಹೊಂದುವುದಿಲ್ಲ, ಇಲ್ಲಿನ ಮಣ್ಣು ಹವೆ ಬಲ್ಲ ಇಲ್ಲಿನ ರೈತ ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ. ಕಲಿಸಲು ಬಂದವನು ತಾನು ಕಲಿಸುವುದೇನೂ ಇಲ್ಲ ಎಂದು ಕಾಗದದ ಮೇಲೆ ಒಪ್ಪುವುದು ಆ ಕಾಲದ ದಫ್ತರುಗಳಲ್ಲಿ ಅಪರೂಪ. ಬೀಜ ಮಾತ್ರ ಉಳಿಯಿತು. ರೈತರು ಅದನ್ನು ತಮ್ಮ ಪದ್ಧತಿಯಲ್ಲೇ ಬೆಳೆದರು. ಧಾರವಾಡ–ಅಮೆರಿಕನ್ ಎಂಬ ಹೊಸ ಹೆಸರು ಪೇಟೆಗೆ ಬಂತು.

ಅದೇ 1840ರ ದಶಕದಲ್ಲಿ, ಸಮುದ್ರದಾಚೆ ಲಂಕಾಶೈರಿನಲ್ಲಿ, ಬಟ್ಟೆಗೆ ಬಣ್ಣದಚ್ಚು ಹಾಕುವ ಜಾನ್ ಮರ್ಸರ್ ಎಂಬ ಇನ್ನೊಬ್ಬ ಕಾಸ್ಟಿಕ್ ಸೋಡಾದಲ್ಲಿ ಹತ್ತಿ ಬಟ್ಟೆ ಅದ್ದಿ ಪರೀಕ್ಷೆ ನಡೆಸುತ್ತಿದ್ದ. 1850ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಟ್ಟಿಯಾಗುತ್ತಿತ್ತು, ಬಣ್ಣ ಚೆನ್ನಾಗಿ ಹಿಡಿಯುತ್ತಿತ್ತು, ಆದರೆ ತುಂಬಾ ಕುಗ್ಗುತ್ತಿತ್ತು. ನಲವತ್ತು ವರ್ಷದ ನಂತರ, 1890ರ ಸುಮಾರಿಗೆ, ಹೊರೇಸ್ ಲೋ ಎಂಬವನು ಎಳೆದು ಹಿಡಿದೇ ಅದ್ದಿದರೆ ಕುಗ್ಗದೆ ಹೊಳಪು ಬರುತ್ತದೆಂದು ಕಂಡುಕೊಂಡ. ಕ್ರೋಶಾ ದಾರದ ಮರ್ಸರ್ ಇವನೇ, ಕುಸುಗಲ್ಲಿನವನಲ್ಲ. ಇಬ್ಬರಿಗೂ ಹೆಸರಿನದಲ್ಲದೆ ಬೇರೆ ನಂಟು ಹೇಳುತ್ತಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಮರ್ಸರ್ ಎಂದರೆ ಜವಳಿ ವ್ಯಾಪಾರಿ, ನಮ್ಮಲ್ಲಿ ಜವಳಿ ಎಂದು ಅಡ್ಡಹೆಸರಿದ್ದ ಹಾಗೆ. ಆಯರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದದ್ದೂ ಅದೇ ದಶಕದಲ್ಲಿ. ಹಸಿದ ಮನೆಗಳ ಹೆಂಗಸರು ಕ್ರೋಶಾ ಕಲಿತು ಹೆಣೆದು ಮಾರಿ ಮಕ್ಕಳ ಹೊಟ್ಟೆ ಹೊರೆದರು. ಇಂದು ನಾವು ಹವ್ಯಾಸ ಎನ್ನುವ ಈ ಕೆಲಸ ಪೇಟೆಗೆ ಬಂದದ್ದು ಬರಗಾಲದ ಕೂಲಿಯಾಗಿ.

ಇತ್ತ ಧಾರವಾಡದಲ್ಲಿ ಎರಡು ಹತ್ತಿಗಳ ಸಂಸಾರ ಸುಖವಾಗಿರಲಿಲ್ಲ. ಜವಾರಿಯನ್ನು ಬಿಡಿಸುತ್ತಿದ್ದವರು ಹೆಂಗಸರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯಿಟ್ಟು, ಕಬ್ಬಿಣದ ಸರಳನ್ನು ಅಂಗಾಲಿನಿಂದ ಹೊರಳಿಸಿದರೆ ಬೀಜ ಮುಂದಕ್ಕೆ ಜಾರಿ ಅರಳೆ ಹಿಂದೆ ಉಳಿಯುತ್ತಿತ್ತು. ನಿಧಾನದ ಕೆಲಸ, ಆದರೆ ಎಳೆ ತುಂಡಾಗುತ್ತಿರಲಿಲ್ಲ. ಅಮೆರಿಕನ್ ಹತ್ತಿಯ ಬೀಜಕ್ಕೆ ಅರಳೆ ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಕಾಲಿನ ಸರಳು ಸಾಲದು, ಗರಗಸದ ಹಲ್ಲಿನ ಜಿನ್ ಬೇಕು. ಧಾರವಾಡದಲ್ಲಿ ಆ ಜಿನ್‌ಗಳನ್ನು ಮಾಡುವ, ರಿಪೇರಿ ಮಾಡುವ ಸರಕಾರಿ ಕಾರ್ಖಾನೆಯೇ ತೆರೆಯಿತು. ಆ ಹಲ್ಲಿಗೆ ಜವಾರಿ ಹತ್ತಿ ಸಿಕ್ಕರೆ ಮೊದಲೇ ಗಿಡ್ಡ ಎಳೆ ಇನ್ನೂ ತುಂಡು ತುಂಡು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹತ್ತಿದಾಗ ಬೆಲೆ ಮುಗಿಲಿಗೇರಿತು. ಎರಡೂ ಹತ್ತಿ ಬೆರೆಸಿ, ಬೀಜ ಕಸ ತುಂಬಿ ಮಾರುವ ದಂಧೆ ಬೆಳೆಯಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಕಲಬೆರಕೆಯ ವಿರುದ್ಧ ಕಾನೂನನ್ನೇ ಮಾಡಬೇಕಾಯಿತು. ಅದರ ಹಿಂದಿನ ವರ್ಷ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಗೆ ಕಾರವಾರದಲ್ಲಿ ಬಂದರು ಬೇಕೆಂಬ ಮ್ಯಾಂಚೆಸ್ಟರಿನವರ ಒತ್ತಾಯವಿತ್ತು. ಒಂದು ಎಳೆಯ ಉದ್ದಕ್ಕಾಗಿ ಜಿಲ್ಲೆಯ ಗಡಿಗಳೇ ಸರಿದವು.

ಕ್ರೋಶಾ ನಮ್ಮ ಕಡೆಗೆ ಬಂದದ್ದು ಮಿಶನ್ ಶಾಲೆಗಳ, ಆಮೇಲೆ ಹೆಣ್ಣುಮಕ್ಕಳ ಶಾಲೆಗಳ ಹೊಲಿಗೆ–ಹೆಣಿಗೆಯ ಪಾಠದೊಡನೆ. ಅದು ಬಂದಾಗ ತನ್ನ ದಾರವನ್ನೂ ಹೊತ್ತೇ ಬಂತು. ನಮ್ಮ ಕಸೂತಿಯ ಹಾಗಲ್ಲ ಇದು. ಕಸೂತಿ ಇಳಕಲ್ ಸೀರೆಯೊಂದಿಗೆ, ಇಲ್ಲಿನ ರೇಷ್ಮೆ ಎಳೆಯೊಂದಿಗೆ ಬೆಳೆದದ್ದು. ಕ್ರೋಶಾದ ಮಾದರಿ ಪುಸ್ತಕಗಳಲ್ಲಿ ದಾರದ ನಂಬರು, ಕೊಕ್ಕೆಯ ಅಳತೆ, ಕಂಪನಿಯ ಹೆಸರು ಮೊದಲೇ ಅಚ್ಚಾಗಿರುತ್ತಿದ್ದವು. ಆಂಧ್ರದ ನರಸಾಪುರದಲ್ಲಿ ಇದು ದೊಡ್ಡ ಉದ್ಯಮವೇ ಆಯಿತು. ಮಾರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಅಲ್ಲಿನ ಹೆಂಗಸರ ಬದುಕನ್ನು ಬರೆದಿದ್ದಾರೆ: ವ್ಯಾಪಾರಿ ದಾರ ಕೊಡುತ್ತಾನೆ, ಹೆಣೆದದ್ದನ್ನು ಒಯ್ಯುತ್ತಾನೆ, ಮನೆಯಲ್ಲೇ ಕೂತು ದಿನವಿಡೀ ಹೆಣೆದವಳು ದುಡಿಯುವವಳೆಂದೇ ಲೆಕ್ಕಕ್ಕಿಲ್ಲ. ಅಂಥವಳಿಗೆ ದಾರದ ಆಯ್ಕೆಯ ಮಾತೇ ಇರಲಿಲ್ಲ. ಯಾವ ದಾರ ಕೊಳ್ಳಲಿ ಎಂದು ಅಂಗಡಿಯಲ್ಲಿ ನಿಂತು ಯೋಚಿಸುವುದು ತನಗಾಗಿ ಹೆಣೆಯುವವಳ ಭಾಗ್ಯ.

1920ರ ದಶಕದಲ್ಲಿ ಆ ಯೋಚನೆ ರಾಜಕೀಯವಾಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ಸು ಸದಸ್ಯತ್ವಕ್ಕೆ ದುಡ್ಡಿನ ಬದಲು ನೂಲನ್ನೇ ಕೇಳಿತು, ತಿಂಗಳಿಗೆ 2000 ಗಜ. ಇಪ್ಪತ್ತರ ನೂಲಾದರೆ ಅದು ಸುಮಾರು 54 ಗ್ರಾಂ ತೂಗುತ್ತದೆ. ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು. ಮರುವರ್ಷ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ನೂಲಿನ ನಂಬರು, ಸಮತೆ, ಗಟ್ಟಿತನವನ್ನು ಅಳೆಯುವುದು ಹಳ್ಳಿಹಳ್ಳಿಯ ಮಾತಾಯಿತು. ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಮೈಲಾರ ಮಹಾದೇವರ ಹೆಸರಿದೆ. ಮೋಟೆಬೆನ್ನೂರಿನ ಆ ಹುಡುಗ 1930ರಲ್ಲಿ ದಂಡಿಗೆ ನಡೆದ ತಂಡದಲ್ಲಿ ಕರ್ನಾಟಕದ ಒಬ್ಬನೇ ಒಬ್ಬ. ತಿರುಗಿ ಬಂದು ಖಾದಿ ಕೆಲಸಕ್ಕೆ ನಿಂತರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ರಾಟಿಯ ಮೇಲೆ ಅವರೆಲ್ಲ ನೂಲುತ್ತಿದ್ದ ಹಂಜಿ, ಮ್ಯಾಂಚೆಸ್ಟರು ಕೆಟ್ಟದ್ದೆಂದ ಜವಾರಿ ಹತ್ತಿಯದು. ಅಲ್ಲಿಗೆ ಅಳತೆಗೋಲು ಬೇರೆಯವರ ಕೈಗೆ ಬಂದಿತ್ತು.

ನಮ್ಮ ಅಜ್ಜ ರಾಟಿ ಬಿಡದವರು. ಮಾಡದಲ್ಲಿ ಯಾವಾಗಲೂ ನಾಲ್ಕಾರು ಲಡಿ ನೂಲು ಇರುತ್ತಿತ್ತು. ಸೋದರತ್ತೆಗೆ ಒಮ್ಮೆ ಅಂಗಡಿ ದಾರ ತೀರಿತು. ಕರವಸ್ತ್ರದ ಅಂಚಿಗೆ ಅಜ್ಜನ ನೂಲನ್ನೇ ಹಿಡಿದು ಕೂತರು. ನಾಲ್ಕು ಬೆರಳು ಹೆಣೆಯುವಷ್ಟರಲ್ಲಿ ಕೊಕ್ಕೆ ತೆಗೆದಿಟ್ಟರು. “ಅರ್ಧ ಎಳಿ ಕೊಕ್ಕಿಗೆ ಸಿಗತೈತಿ, ಅರ್ಧ ತಪ್ಪಸ್ಕೋತೈತಿ. ಜಗ್ಗಿದ್ರ ಹರೀತೈತಿ” ಎಂದರು. ಅಜ್ಜಿ ಜೋಳ ಹಸನು ಮಾಡುತ್ತಿದ್ದರು. “ಒಂಟಿ ಎಳಿ ಐತಲ್ಲವಾ ಅದು. ಧೋತ್ರಕ್ಕ ನೂತದ್ದು, ಜಾಳಿಗಿಗೆ ಹ್ಯಾಂಗ ತಾಳೀತು?” ಎಂದರು. ಅಜ್ಜಿ ಶಾಲೆಗೆ ಹೋದವರಲ್ಲ. ಆದರೆ ಈ ವಿಷಯದಲ್ಲಿ ಹೇಳಬೇಕಾದದ್ದು ಆ ಒಂದು ಮಾತಿನಲ್ಲಿದೆ: ನೂಲು ಒಂಟಿ, ಹುರಿ ಸಡಿಲ, ಎಳೆ ಗಿಡ್ಡ.

ಅದೇ ನೂಲು ಧ್ವಜಕ್ಕೆ ಒಗ್ಗಿತು. ಧಾರವಾಡ ತಾಲೂಕಿನ ಗರಗದಲ್ಲಿ 1954ರಲ್ಲಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಖಾದಿ ಸಂಘಗಳು ಹುಟ್ಟಿದವು. ಮುಂದೆ ದೇಶದ ಧ್ವಜದ ಬಟ್ಟೆ, ಧ್ವಜ ಎರಡಕ್ಕೂ ಈ ಸೀಮೆ ಹೆಸರಾಯಿತು. ಕುಮಟಾ ಕುಲದ ಜಯಧರ್ ಹತ್ತಿ ಇಲ್ಲಿನ ಕೈನೂಲಿಗೆ ಬಳಕೆಯಲ್ಲಿತ್ತು. ಧ್ವಜದ ಬಟ್ಟೆಗೆ 1951ರಲ್ಲೇ ಮಾನಕ ಬಂದಿತ್ತು, 1968ರಲ್ಲಿ ಪರಿಷ್ಕರಣೆಯಾಯಿತು. ಎಳೆಗಳ ಎಣಿಕೆ, ತೂಕ, ಗಟ್ಟಿತನ, ಬಣ್ಣ ಎಲ್ಲಕ್ಕೂ ಲೆಕ್ಕ. ಬಿಸಿಲಿನಲ್ಲಿ, ಗಾಳಿಯಲ್ಲಿ ದಿನವಿಡೀ ಪಟಪಟಿಸುವ ಬಟ್ಟೆಗೆ ಹೊಳಪು ಬೇಕಿಲ್ಲ, ತಾಳಿಕೆ ಬೇಕು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿ ಬಂದು ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ಸಿಕ್ಕಿತು. ಗಿಡ್ಡ ಎಳೆಯ ಹತ್ತಿಗೆ ಗೌರವದಿಂದ ಸಿಕ್ಕಿದ್ದ ಒಂದು ಕೆಲಸ ಹೀಗೆ ಇಕ್ಕಟ್ಟಿಗೆ ಬಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಹಾಗಾದರೆ ಕ್ರೋಶಾಕ್ಕೆ ಬೇಕಾದ ಉದ್ದ ಎಳೆಯ ಹತ್ತಿ ನಮ್ಮಲ್ಲಿ ಬೆಳೆಯಲೇ ಇಲ್ಲವೆ? ಬೆಳೆಯಿತು, ಆದರೆ ತಡವಾಗಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟಾರ್ಕಿ ವರಲಕ್ಷ್ಮಿ ತಳಿ ಬಿಡುಗಡೆ ಮಾಡಿದರು. ಅಮೆರಿಕನ್ ಕುಲದ ಲಕ್ಷ್ಮಿ ಹತ್ತಿಗೆ ಈಜಿಪ್ಟಿನ ಹತ್ತಿಯ ಕುಲದ ಗಂಡು ಸೇರಿಸಿದ ಸಂಕರ. ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ರೈತನ ಹೊಲಕ್ಕೆ ತಂದ ಮೊದಲ ಸಂಕರ ತಳಿ ಎಂದು ಅದಕ್ಕೆ ಜಗತ್ತಿನಲ್ಲೇ ಹೆಸರು. 1981ರಲ್ಲಿ ಡಿಸಿಎಚ್ 32 ಬಂತು, ಜಯಲಕ್ಷ್ಮಿ ಎಂದರೂ ಅದೇ. ಇವುಗಳಿಂದ ಎಂಬತ್ತರ ನೂಲು ತೆಗೆಯಬಹುದಿತ್ತು. ಲಂಕಾಶೈರು 1840ರಲ್ಲಿ ಬೇಡಿದ್ದು ನೂರಮೂವತ್ತು ವರ್ಷಕ್ಕೆ, ಅವರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುವ ಹೊತ್ತಿಗೆ, ಧಾರವಾಡದ ಮಣ್ಣಲ್ಲಿ ಸಿದ್ಧವಾಯಿತು.

ಈ ಸಂಕರ ಬೀಜ ಪ್ರತಿ ವರ್ಷ ಹೊಸದಾಗಿ ಆಗಬೇಕು. ಹಾವೇರಿ, ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಬೆಳೆದದ್ದು ಹಾಗೆ. ಸಂಜೆ ಹೆಣ್ಣುಗಿಡದ ಮೊಗ್ಗಿನ ಕೇಸರ ಉಗುರಿನಿಂದ ಬಿಡಿಸಿ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡುಹೂವು ತಂದು ಸವರಬೇಕು. ಊರಲ್ಲಿ ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಹೆಂಗಸರ, ಹುಡುಗಿಯರ ಬೆರಳೇ ಅದಕ್ಕೆ ಆಗಬೇಕೆಂದು ರೈತರ ಹಟ. ಕ್ರಾಸಿಂಗಿಗೆ ಹೋಗಿ ಬಂದ ಬೆರಳುಗಳೇ ರಾತ್ರಿ ದೀಪದ ಕೆಳಗೆ ಕ್ರೋಶಾ ಹಿಡಿದದ್ದನ್ನು ನಾನು ಕಂಡಿದ್ದೇನೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ ಮೇಲೆ ದೇಶದ ಹತ್ತಿ ಹೊಲಗಳಲ್ಲಿ ಹೆಚ್ಚಿನ ಪಾಲು ಅದರದ್ದೇ ಆಯಿತು. ಜವಾರಿಗೆ ಉಳಿದದ್ದು ಅಲ್ಲೊಂದು ಇಲ್ಲೊಂದು ಹೊಲ. ನಮ್ಮ ಕಡೆ ಹತ್ತಿಯ ಎಷ್ಟೋ ನೆಲಕ್ಕೆ ಗೋವಿನಜೋಳ ಬಂದು ಕೂತಿದೆ.

ಇಷ್ಟು ಓದಿದವರು, ಅದೆಲ್ಲ ಸರಿ, ನಾನು ಯಾವ ದಾರ ಕೊಳ್ಳಲಿ ಎಂದು ಕೇಳಬಹುದು. ಏನು ಹೆಣೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ತೋರಣ, ಮೇಜಿನ ಹಾಸು, ಸೆರಗಿನ ಅಂಚು ಎಂದರೆ ಮರ್ಸರೈಸ್ಡ್ ಹತ್ತಿಯೇ ಸರಿ. ಹೊಳಪಿಗಿಂತ ಮುಖ್ಯವಾಗಿ, ಹತ್ತು ಸಲ ಒಗೆದರೂ ಹೂವಿನ ಆಕಾರ ಕೆಡುವುದಿಲ್ಲ. ಕೊಳ್ಳುವ ಮೊದಲು ಒಂದು ಗೇಣು ದಾರ ಎಳೆದು, ಎರಡು ಬೆರಳ ನಡುವೆ ಹುರಿಯ ಎದುರು ದಿಕ್ಕಿಗೆ ಹೊಸೆದು ನೋಡಿ. ತಟ್ಟನೆ ಎಳೆಗಳು ಬೇರಾದರೆ ಅದು ಕೊಕ್ಕೆಗೂ ಹಾಗೇ ಬೇರಾಗುತ್ತದೆ. ಬಿಸಿಲಿಗೆ ಹಿಡಿದರೆ ಜುಂಗು ಕಾಣುತ್ತದೆ. ಬಣ್ಣದ ದಾರವಾದರೆ ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಕೆಂಪು ಮತ್ತು ಗಾಢ ನೀಲಿಯನ್ನು ಯಾವ ಕಂಪನಿಯದಾದರೂ ನಾನು ನಂಬುವುದಿಲ್ಲ. ಒಂದು ಕೆಲಸಕ್ಕೆ ಬೇಕಾದ ಉಂಡೆಗಳನ್ನು ಒಂದೇ ಸಲ ಕೊಳ್ಳಿ, ಬಣ್ಣದ ಪಾಕ ಪ್ರತಿ ಸಲ ಒಂದೇ ಬರುವುದಿಲ್ಲ. ಮಗುವಿನ ಕುಲಾವಿಗೆ ಈ ಗಟ್ಟಿ ಹುರಿ ಬೇಡ, ಸಡಿಲ ಹುರಿಯ ಮೆತ್ತನೆ ಹತ್ತಿ ನೋಡಿ. ನಮ್ಮ ಪೇಟೆಯಲ್ಲಿ ಉಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಬೆಚ್ಚಗಿರುತ್ತದೆ, ಬೆವರು ಹೀರುವುದಿಲ್ಲ. ನಿಜವಾದ ಉಣ್ಣೆ ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ಕಂಬಳಿಯಾಗುತ್ತದೆ. ಅದನ್ನು ಕುಲಾವಿ ಮಾಡಿದರೆ ಮಗು ಬಿಟ್ಟೀತೆ!

ಇನ್ನು ಜವಾರಿ ಕೈನೂಲು. ಖಾದಿ ಭಂಡಾರದಲ್ಲಿ ಕೇಳಿ ಲಡಿ ಸಿಕ್ಕರೆ ತನ್ನಿ. ಒಂಟಿ ಎಳೆಯಲ್ಲಿ ಹೆಣೆಯಬೇಡಿ. ಆರೋ ಎಂಟೋ ಎಳೆ ಕೂಡಿಸಿ, ತಕಲಿಗೋ ರಾಟಿಗೋ ಹಾಕಿ, ನೂತದ್ದರ ಎದುರು ದಿಕ್ಕಿಗೆ ಹುರಿಮಾಡಿ. ಲಡಿಯನ್ನು ಬಿಸಿನೀರಲ್ಲಿ ಅದ್ದಿ, ಕೆಳಗೊಂದು ತಂಬಿಗೆ ಕಟ್ಟಿ ನೆರಳಲ್ಲಿ ಒಣಗಿಸಿದರೆ ಹುರಿ ನಿಲ್ಲುತ್ತದೆ, ಕುಗ್ಗುವುದೂ ಅಲ್ಲೇ ಕುಗ್ಗಿ ಮುಗಿಯುತ್ತದೆ. ಮೂರೂವರೆ, ನಾಲ್ಕು ಮಿಲಿಮೀಟರಿನ ಕೊಕ್ಕೆ ಹಿಡಿಯಿರಿ. ಹೂವು ಬಳ್ಳಿ ಬೇಡ, ಸರಪಳಿ ಮತ್ತು ಗಿಡ್ಡ ಕಂಬ ಸಾಕು. ಸಂತೆಯ ಚೀಲ ಆಗುತ್ತದೆ, ಬಿಸಿ ಪಾತ್ರೆ ಇಳಿಸುವ ಮಸಿಅರಿವೆ ಆಗುತ್ತದೆ, ನೀರಿನ ಗಡಿಗೆಯ ಸಿಂಬಿ ಆಗುತ್ತದೆ. ಸೋದರತ್ತೆ ಕರವಸ್ತ್ರದ ಅಂಚಿಗೆ ಬೇಡವೆಂದು ಬಿಟ್ಟ ನೂಲನ್ನು ಆಮೇಲೆ ಹೀಗೆ ಹುರಿಮಾಡಿ ಹೆಣೆದ ಕಾಯಿಪಲ್ಲೆ ಚೀಲವೊಂದು ನಮ್ಮ ಮನೆಯಲ್ಲಿತ್ತು. ಮಂಗಳವಾರದ ಸಂತೆಗೆ ಎಂಟು ವರ್ಷ ಹೋಗಿ ಬಂತು. ಬಾಯಿಯ ಅಂಚು ಮಾತ್ರ ಒಂದು ಸಲ ಬಿಚ್ಚಿ ಮತ್ತೆ ಹೆಣೆಯಬೇಕಾಯಿತು.